ಕಂದು ಗೆರೆಗಳಲ್ಲಿ ಮಲೆನಾಡು

ಶಾಸನವನ್ನು ಓದುವವರು ನಮ್ಮಲ್ಲಿ ಉಂಟು, ಓಲೆಗರಿಯನ್ನು ಓದುವವರು ಉಂಟು, ಕಡತಗಳನ್ನೂ ಕೈಫಿಯತ್ತುಗಳನ್ನೂ ಓದಿ ಚರಿತ್ರೆಯನ್ನು ಕಟ್ಟಿಕೊಡುವವರೂ ಉಂಟು. ಆದರೆ ಇವೆಲ್ಲ ಯಾವ ನೆಲದ ಮೇಲೆ ನಡೆದುವೋ ಆ ನೆಲವನ್ನೇ ಒಂದು ಗ್ರಂಥವೆಂದು ಬಗೆದು ಓದುವ ಅಭ್ಯಾಸ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಅಷ್ಟಾಗಿ ಇಲ್ಲ. ಆ ಗ್ರಂಥಕ್ಕೂ ಒಂದು ಲಿಪಿಯಿದೆ. ಭೂಗೋಳದ ಅಧ್ಯಾಪಕರು ಅದನ್ನು ಸ್ಥಳಾಕೃತಿ ನಕ್ಷೆ ಎನ್ನುತ್ತಾರೆ, ರೂಢಿಯಲ್ಲಿ ಟೊಪೊಶೀಟು. ಬಹುಕಾಲ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿಕೊಂಡಿದ್ದ ನಾನು ಈ ಲಿಪಿಯನ್ನು ಕಲಿತದ್ದು ಸೇವೆಯಿಂದ ನಿವೃತ್ತನಾದ ಮೇಲೆ. ಕಲಿತ ಬಳಿಕ, ಹುಟ್ಟಿ ಬೆಳೆದ ಸೀಮೆಯನ್ನೇ ಮತ್ತೊಮ್ಮೆ ಓದತೊಡಗಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳನ್ನು ಈ ನಕ್ಷೆಗಳು ಹೇಗೆ ಹೇಳುತ್ತವೆ, ಎಷ್ಟನ್ನು ಹೇಳುತ್ತವೆ, ಯಾವುದನ್ನು ಹೇಳದೆ ಬಿಡುತ್ತವೆ ಎಂಬುದೇ ಇಂದಿನ ಈ ಮಾತಿನ ವಿಷಯ.

ಮೊದಲಿಗೆ ಹಾಳೆಗಳ ಪರಿಚಯ. ಭಾರತೀಯ ಸರ್ವೇಕ್ಷಣ ಇಲಾಖೆ ದೇಶವನ್ನೆಲ್ಲ ಅಕ್ಷಾಂಶ ರೇಖಾಂಶಗಳ ಚೌಕಗಳಾಗಿ ವಿಂಗಡಿಸಿ ಒಂದೊಂದು ಚೌಕಕ್ಕೂ ಅಂಕೆಯೊಂದನ್ನು ಕೊಟ್ಟಿತು. ನಮ್ಮ ಪಾಲಿಗೆ ಬಂದದ್ದು 48. ಅದರೊಳಗೆ ಇಂಗ್ಲಿಷ್ ಅಕ್ಷರಗಳ ಹದಿನಾರು ಮನೆಗಳು. ನಮ್ಮದು 'ಓ' ಎಂಬ ಮನೆ. ಅದರೊಳಗೆ ಮತ್ತೆ ಹದಿನಾರು ಹಾಳೆಗಳು. ಚಿಕ್ಕಮಗಳೂರು ಪೇಟೆ 48 ಓ/15ರಲ್ಲಿದೆ. ಪೇಟೆಯ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಮುಳ್ಳಯ್ಯನಗಿರಿ ಮಾತ್ರ ಆ ಹಾಳೆಯಲ್ಲಿಲ್ಲ. ಅದು ಪಕ್ಕದ 48 ಓ/11ಕ್ಕೆ ಸೇರಿದ್ದು. ಮೂಡಿಗೆರೆ 48 ಓ/12, ಕಳಸ 48 ಓ/8. ಕಳಸವಂತೂ ತನ್ನ ಹಾಳೆಯ ಮೇಲಂಚಿಗೆ ಅಂಟಿಕೊಂಡಿದೆ. ಊರಿನಿಂದ ತುಸು ಉತ್ತರಕ್ಕೆ ನಡೆದರೆ ನೀವು ಇನ್ನೊಂದು ಹಾಳೆಯಲ್ಲಿರುತ್ತೀರಿ. ಹೀಗೆ ನಮ್ಮ ಸೀಮೆಯನ್ನು ಒಟ್ಟಾಗಿ ನೋಡಬೇಕೆಂದರೆ ನಾಲ್ಕಾರು ಹಾಳೆಗಳನ್ನು ನಡುಮನೆಯ ನೆಲದ ಮೇಲೆ ಹಾಸಿ, ಅಂಚಿಗೆ ಅಂಚು ಕೂಡಿಸಿ, ಮೊಣಕಾಲೂರಿ ಓದಬೇಕು. ದೇವರ ಮುಂದೆ ಕೂರುವ ಭಂಗಿಯೇ ಇದಕ್ಕೂ ಬೇಕಾಗುತ್ತದೆ.

ಹಳೆಯ ಹಾಳೆಗಳಲ್ಲಿ ಒಂದಂಗುಲಕ್ಕೆ ಒಂದು ಮೈಲಿ. ದಶಮಾನ ಪದ್ಧತಿ ಬಂದ ಮೇಲೆ ಐವತ್ತು ಸಾವಿರಕ್ಕೆ ಒಂದರ ಪ್ರಮಾಣವಾಯಿತು. ಎಂದರೆ ಹಾಳೆಯ ಮೇಲಿನ ಎರಡು ಸೆಂಟಿಮೀಟರು ನೆಲದ ಮೇಲೆ ಒಂದು ಕಿಲೋಮೀಟರು. ನೀರಿಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿಗೆ ಹಳದಿ, ರಸ್ತೆಗೂ ಮನೆಗಳಿಗೂ ಕೆಂಪು, ಹೆಸರುಗಳಿಗೆ ಕಪ್ಪು. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಂದು ಬಣ್ಣದ ಗೆರೆಗಳು. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ತಾಣಗಳನ್ನೆಲ್ಲ ಕೂಡಿಸುತ್ತ ಹೋಗುವ ಇವುಗಳಿಗೆ ಸಮೋನ್ನತಿ ರೇಖೆಗಳೆಂದು ಹೆಸರು. ಹಳೆಯ ಹಾಳೆಗಳಲ್ಲಿ ಐವತ್ತು ಅಡಿಗೊಂದು, ಈಚಿನವುಗಳಲ್ಲಿ 20 ಮೀಟರಿಗೊಂದು. ಹೆಸರು ಭಾರವಾಗಿದ್ದರೂ ಕಲ್ಪನೆ ನಮ್ಮ ರೈತನಿಗೆ ಹೊಸದೇನಲ್ಲ. ಮಲೆನಾಡಿನ ಕಣಿವೆಯ ಇಳಿಜಾರನ್ನು ಗದ್ದೆ ಮಾಡಹೊರಟವನು ನೀರು ಸಮನಾಗಿ ನಿಲ್ಲುವಂತೆ ಬದು ಹಾಕುತ್ತಾನೆ. ಆ ಬದು ಗುಡ್ಡದ ಮೈಯನ್ನನುಸರಿಸಿ ಬಳಸುತ್ತ ಬಳಸುತ್ತ ಸಾಗುತ್ತದೆ. ಅವನು ಮಣ್ಣಿನಲ್ಲಿ ಎಳೆದ ಸಮೋನ್ನತಿ ರೇಖೆಯೇ ಅದು. ಬದುಗಳು ಒತ್ತೊತ್ತಾಗಿದ್ದರೆ ನೆಲ ಕಡಿದು, ವಿರಳವಾಗಿದ್ದರೆ ನೆಲ ಸಮ. ನಕ್ಷೆಯಲ್ಲಿಯೂ ಅಷ್ಟೆ.

ಈ ಗೆರೆಗಳನ್ನು ಎಣಿಸತೊಡಗಿದಾಗ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಒಂದು ಸರಳ ಸಂಗತಿ. ಮಲೆನಾಡೆಂದರೆ ಎತ್ತರದ ನಾಡು, ಬಯಲುಸೀಮೆಯೆಂದರೆ ತಗ್ಗಿನ ನಾಡು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಯಲಿನ ಕಡೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರು ಎತ್ತರದಲ್ಲಿದೆ. ಅಪ್ಪಟ ಮಲೆನಾಡೆನಿಸಿದ ಕಳಸದ ಎತ್ತರ ಸುಮಾರು 800 ಮೀಟರು. ಎರಡಕ್ಕೂ ನಡುವಣ ಅಂತರ ಎರಡು ಗೆರೆಗಳಷ್ಟು! ಇವೆರಡರ ನಡುವೆ, ಮಲೆಗೂ ಬಯಲಿಗೂ ಹೊಸ್ತಿಲಿನಂತಿರುವ ಚಿಕ್ಕಮಗಳೂರು ಸಾವಿರ ಮೀಟರನ್ನೂ ಮೀರಿ ಕುಳಿತಿದೆ. ಹಾಗಾದರೆ ಮಲೆನಾಡನ್ನು ಮಲೆನಾಡಾಗಿಸಿದ್ದು ಎತ್ತರವಲ್ಲ. ಕಡೂರಿನ ಸುತ್ತ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಬೆರಳು ಬಹುದೂರ ಸರಿಯಬೇಕು. ಕಳಸದ ಸುತ್ತ ಉಗುರಿನಗಲದಲ್ಲಿ ಹತ್ತು ಗೆರೆಗಳು ತುರುಕಿಕೊಂಡಿವೆ. ನೆಲದ ಈ ಮಡಿಕೆಗಳೂ ಪಶ್ಚಿಮದ ಮುಗಿಲು ಆ ಮಡಿಕೆಗಳಿಗೆ ಬಡಿದು ಸುರಿಸುವ ಮಳೆಯೂ ಕೂಡಿ ಮಲೆನಾಡಾಯಿತು. ಪಂಪನಿಂದ ಕುವೆಂಪುವರೆಗೆ ಎಷ್ಟೋ ವರ್ಣನೆಗಳನ್ನು ಪಾಠ ಹೇಳಿದ್ದ ನನಗೆ ಇದು ಹೊಳೆದದ್ದು ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ.

ಇನ್ನು ಬಾಬಾಬುಡನ್‌ಗಿರಿಯ ಶ್ರೇಣಿ. ಚಂದ್ರದ್ರೋಣವೆಂಬ ಅದರ ಹಳೆಯ ಹೆಸರು ಕವಿಕಲ್ಪನೆಯೆಂದೇ ಬಹುಮಂದಿ ತಿಳಿದಿರುತ್ತಾರೆ. ಎರಡು ಹಾಳೆಗಳನ್ನು ಜೋಡಿಸಿ ನೋಡಿ. ಕಂದು ಗೆರೆಗಳು ಒತ್ತಾಗಿ ಹೆಣೆದುಕೊಂಡು ವಾಯವ್ಯಕ್ಕೆ ಬಾಯಿ ತೆರೆದ ಕುದುರೆ ಲಾಳದಂತೆ, ಎಳೆಯ ಚಂದ್ರನಂತೆ ಬಾಗಿವೆ. ಕರ್ನಾಟಕದಲ್ಲೇ ಅತಿ ಎತ್ತರದ್ದಾದ, ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿ ಈ ಲಾಳದ ಮೇಲೆಯೇ ಇದೆ. ವಿಮಾನವಿರಲಿ, ನಕ್ಷೆಯೂ ಇಲ್ಲದ ಕಾಲದಲ್ಲಿ ಈ ಬಾಗನ್ನು ಕಂಡು ಹೆಸರಿಟ್ಟವರು ಯಾರೋ! ಗಿರಿಯ ನೆತ್ತಿಯಿಂದ ನೆತ್ತಿಗೆ ನಡೆದು, ಕಾಲಿನಿಂದಲೇ ಅಳೆದು ಅರಿತಿರಬೇಕು. ಲಾಳದ ಒಳಗಿರುವುದು ಜಾಗರದ ಕಣಿವೆ. ಅಲ್ಲಿ ಬಿದ್ದ ಮಳೆ ಸೋಮವಾಹಿನಿಯಾಗಿ ಭದ್ರೆಯನ್ನು ಸೇರುತ್ತದೆ. ದಕ್ಷಿಣದ ಹೊರಮೈಯಲ್ಲಿ ಬಿದ್ದದ್ದು ಯಗಚಿಯಾಗಿ ಬೇಲೂರಿನ ಮಗ್ಗುಲಲ್ಲಿ ಹಾದು ಹೇಮಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರುತ್ತದೆ. ಪೂರ್ವದ ಹೊರಮೈಯಲ್ಲಿ ಬಿದ್ದದ್ದು ವೇದಾವತಿಯಾಗಿ ಒಣನಾಡಿಗೆ ಇಳಿದು, ವಾಣಿವಿಲಾಸ ಸಾಗರವನ್ನು ತುಂಬಿ, ಕಡೆಗೆ ತುಂಗಭದ್ರೆಯನ್ನು ಸೇರುತ್ತದೆ. ಒಂದೇ ಮುಗಿಲಿನ ಮಳೆ ಒಂದು ಏಣಿನ ಆಚೆ ಬಿದ್ದರೆ ಕೃಷ್ಣೆ, ಈಚೆ ಬಿದ್ದರೆ ಕಾವೇರಿ.

ಪಶ್ಚಿಮದ ಹಾಳೆಯಲ್ಲಿ ಈ ವಿಭಜನೆ ಇನ್ನೂ ತೀಕ್ಷ್ಣವಾಗಿದೆ. ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುವೆಂಬುದು ಜನರ ನಂಬಿಕೆ. ಮೊದಲಿನ ಎರಡು ಬೇರೆ ಬೇರೆ ದಾರಿ ಹಿಡಿದು ಕೂಡಲಿಯಲ್ಲಿ ಒಂದಾಗಿ ಬಂಗಾಳ ಕೊಲ್ಲಿಗೆ ಹೊರಟರೆ, ಮೂರನೆಯದು ಘಟ್ಟದಿಂದ ಧುಮುಕಿ ಮಂಗಳೂರಿನ ಕಡಲಿಗೆ. ಅದೇ ಘಟ್ಟದ ಸಾಲಿನಲ್ಲಿ ತುಸು ದಕ್ಷಿಣಕ್ಕೆ, ಬಲ್ಲಾಳರಾಯನ ದುರ್ಗದ ಹತ್ತಿರ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತದೆ. ನೀರುಗಳನ್ನು ಬೇರೆ ಮಾಡುವ ಈ ಏಣುಗೆರೆಗೆ ಜಲವಿಭಾಜಕವೆಂದು ಹೆಸರು. ಸ್ವಾರಸ್ಯವೆಂದರೆ, ನಕ್ಷೆಯಲ್ಲಿ ಜಿಲ್ಲೆಯ ಗಡಿಗೆ ಗುರುತಿದೆ, ತಾಲ್ಲೂಕಿನ ಗಡಿಗೆ ಗುರುತಿದೆ, ಕಾಯ್ದಿಟ್ಟ ಅರಣ್ಯದ ಗಡಿಗೂ ಗುರುತಿದೆ. ಈ ಗಡಿಗೆ ಮಾತ್ರ ಯಾವ ಗುರುತೂ ಇಲ್ಲ. ಓದುವವನು ತೊರೆಗಳ ತಲೆಗಳನ್ನು ಒಂದೊಂದಾಗಿ ಗುರುತಿಸಿ ತಾನೇ ಪೆನ್ಸಿಲಿನಲ್ಲಿ ಎಳೆದುಕೊಳ್ಳಬೇಕು. ನಾನು ಎಳೆದಿದ್ದೇನೆ. ಎರಡು ಸಂಜೆ ಹಿಡಿಯಿತು. ದಕ್ಷಿಣಕ್ಕೆ, ಸಕಲೇಶಪುರದ ಕಡೆಯಲ್ಲಿ, ಆ ಗೆರೆಯನ್ನು ಯಂತ್ರಗಳಿಂದ ದಾಟಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಪಶ್ಚಿಮಕ್ಕೆ ಹರಿಯಬೇಕಾದ ನೀರನ್ನು ಮೇಲೆತ್ತಿ ಪೂರ್ವಕ್ಕೆ ಹರಿಸುವ ಈ ಕೆಲಸದ ಸರಿತಪ್ಪುಗಳ ಬಗೆಗೆ ವಾದಗಳು ಬಹಳ. ಪರವಾಗಿ ಮಾತಾಡುವವರಾಗಲಿ ವಿರೋಧಿಸುವವರಾಗಲಿ, ಒಮ್ಮೆ ಈ ಗೆರೆಯನ್ನು ತಮ್ಮ ಕೈಯಿಂದಲೇ ಎಳೆದು ನೋಡಿದ್ದರೆ ಅವರ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತೆಂದು ನನಗನ್ನಿಸಿದೆ.

ಈ ನಕ್ಷೆಗಳು ಎಲ್ಲಿಂದ ಬಂದುವು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರಿಗೆ ತಾವು ಗೆದ್ದದ್ದು ಎಷ್ಟೆಂದು ತಿಳಿಯಬೇಕಾಗಿತ್ತು. ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಮೋಜಣಿಗೆ ತೊಡಗಿದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಸುಮಾರು ಏಳೂವರೆ ಮೈಲಿ ಉದ್ದದ ಆಧಾರ ರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನ ಸಂತ ತೋಮರ ಬೆಟ್ಟದ ಬಳಿ ಮಹಾ ತ್ರಿಕೋನಮಿತಿ ಮೋಜಣಿಗೆ ನಾಂದಿ ಹಾಡಿದ. ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಿಸಿ, ಅರ್ಧ ಟನ್ನು ತೂಗುವ ಥಿಯೊಡೊಲೈಟ್ ಯಂತ್ರದಿಂದ ಕೋನಗಳನ್ನು ಅಳೆದು, ತ್ರಿಕೋನದ ಪಕ್ಕದಲ್ಲಿ ತ್ರಿಕೋನವನ್ನಿಡುತ್ತ ಅವನ ತಂಡ ಪೂರ್ವ ಕಡಲಿನಿಂದ ಪಶ್ಚಿಮ ಕಡಲಿಗೆ ಬಂದಿತು. ಘಟ್ಟವನ್ನು ದಾಟುವಾಗ ಅವರು ನಿಂತ ಶಿಖರಗಳಲ್ಲಿ ಒಂದರ ಹೆಸರು ಅವನ ಬರಹದಲ್ಲಿ 'ಬಾಲ್‌ರಾಯನ್‌ಡ್ರೂಗ್' ಎಂದಿದೆ. ನಮ್ಮ ಬಲ್ಲಾಳರಾಯನ ದುರ್ಗ! ಸುಮಾರು 1,500 ಮೀಟರು ಎತ್ತರದ ಆ ಹೊಯ್ಸಳರ ಕೋಟೆಯಿಂದ ಪಶ್ಚಿಮಕ್ಕೆ ನೋಡಿದರೆ ಕಾಲಬುಡದಲ್ಲಿ ತುಳುನಾಡು ಹಾಸಿಕೊಂಡಿರುತ್ತದೆ. ಈ ಅಳತೆಯಿಂದ ಮದರಾಸಿಗೂ ಮಂಗಳೂರಿಗೂ ನಡುವಣ ದೂರ ಅಂದಿನ ಭೂಪಟಗಳು ಹೇಳುತ್ತಿದ್ದುದಕ್ಕಿಂತ ಸುಮಾರು 40 ಮೈಲಿ ಕಡಿಮೆಯೆಂದು ಗೊತ್ತಾಯಿತು. ಅಷ್ಟಗಲದ ನಾಡು ಕಾಗದದ ಮೇಲೆ ಮಾತ್ರ ಇದ್ದಿತು.

ಮೆಕೆಂಜಿಯ ವಿಷಯದಲ್ಲಿ ಸಾಹಿತ್ಯದವರು ನೆನೆಯಬೇಕಾದ ಒಂದು ಮಾತುಂಟು. ಅವನು ನೆಲವನ್ನು ಅಳೆಯುವುದರ ಜೊತೆಗೆ ಆ ನೆಲದ ಕತೆಯನ್ನೂ ಕೇಳಿದ. ಕಾವಲಿ ಸಹೋದರರಂಥ ದೇಶೀಯ ವಿದ್ವಾಂಸರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು ಬರೆಸಿ ಕೂಡಿಹಾಕಿದ. ಜೈನಕವಿ ದೇವಚಂದ್ರ ಅವನನ್ನು ಕಂಡು, ಕೆಲಕಾಲ ಅವನೊಡನಿದ್ದು ವಿಷಯಗಳನ್ನು ತಿಳಿಸಿದನೆಂಬುದೂ, ಮುಂದೆ ಬಂದ 'ರಾಜಾವಳಿ ಕಥೆ'ಗೆ ಆ ಪ್ರೇರಣೆ ಮೂಲವಾಯಿತೆಂಬುದೂ ನಮ್ಮ ಸಾಹಿತ್ಯ ಚರಿತ್ರೆಯ ಓದುಗರಿಗೆ ಗೊತ್ತು. ಆಳುವುದಕ್ಕಾಗಿ ಅಳೆದರು, ಕಂದಾಯಕ್ಕಾಗಿ ಬರೆಸಿಕೊಂಡರು ಎಂಬುದು ನಿಜ. ಆದರೂ ಸರಪಳಿ ಹಿಡಿದವನೂ ಓಲೆ ಹಿಡಿದವನೂ ಒಂದೇ ಡೇರೆಯಲ್ಲಿ ಕುಳಿತು ಮಾತಾಡಿದ ಆ ಸಂದರ್ಭ ಮುಂದಿನ ಮೋಜಣಿಗಳಲ್ಲಿ ಅಷ್ಟಾಗಿ ಉಳಿಯಲಿಲ್ಲ. ನಕ್ಷೆ ಒಂದು ಕಡೆ ಹೋಯಿತು, ಕತೆ ಇನ್ನೊಂದು ಕಡೆ.

ಇದರ ಫಲವನ್ನು ನಕ್ಷೆಯ ಹೆಸರುಗಳಲ್ಲಿ ಕಾಣಬಹುದು. ಹಾಳೆಗಳ ಮೇಲಿನ ಲಿಪಿ ರೋಮನ್. ಅದಕ್ಕೆ ಲಕಾರ ಒಂದೇ, ಳಕಾರವಿಲ್ಲ. ಕಳಸವೂ ಕಲಸವೂ ಅದಕ್ಕೆ ಒಂದೇ. ಹಳ್ಳಿಯೂ ಗೋಡೆಯ ಮೇಲಿನ ಹಲ್ಲಿಯೂ ಒಂದೇ. ಬಾಳೂರು, ಬಾಲೂರು ಎರಡರಲ್ಲಿ ಯಾವುದೆಂದು ಅದು ಹೇಳಲಾರದು. ಸ್ವರದ ಹ್ರಸ್ವ ದೀರ್ಘಗಳೂ ಕೈಬಿಟ್ಟವೆ; 'ಕಣ್' ಎಂದು ಓದಬೇಕೋ 'ಕಾನ್' ಎಂದು ಓದಬೇಕೋ ತಿಳಿಯದೆ ಹೊರಗಿನವನು ತಡವರಿಸುತ್ತಾನೆ. ಕಣ್ಣಲ್ಲ, ಅದು ಕಾನು: ಎಂದೂ ಎಲೆಯುದುರದ ದಟ್ಟ ಕಾಡು. ಈ ಒಂದು ಮಾತು ತಪ್ಪಿದರೆ ಒಂದು ಕಾಡಿನ ಚರಿತ್ರೆಯೇ ತಪ್ಪುತ್ತದೆ.

ಹೆಸರುಗಳನ್ನು ಕನ್ನಡಕ್ಕೆ ಮರಳಿಸಿ ಓದಿದರೆ ಹಾಳೆ ಮಾತಾಡತೊಡಗುತ್ತದೆ. ಬಯಲ ಕಡೆಯ ಹಾಳೆಯಲ್ಲಿ ಕೆರೆ, ಹಳ್ಳಿ, ಪುರ, ಸಮುದ್ರಗಳು. ಪಶ್ಚಿಮಕ್ಕೆ ಸರಿಯುತ್ತ ಬಂದಂತೆ ಕೆರೆ ವಿರಳವಾಗಿ, ಬೈಲು, ಗದ್ದೆ, ಮಕ್ಕಿ, ಹಡ್ಲು, ಗುಂಡಿ, ಹೊಳೆ, ಕಾನು, ಹಕ್ಕಲುಗಳು ತಲೆಯೆತ್ತುತ್ತವೆ. ಹಿರೇಬೈಲು, ಬಾಳೆಹೊಳೆ, ಮಾಗುಂಡಿ, ಅತ್ತಿಗುಂಡಿ. ಮಕ್ಕಿಯೆಂದರೆ ಮಳೆಯನ್ನೇ ನೆಚ್ಚಿದ ಮೇಲುಗದ್ದೆ. ಹಡ್ಲೆಂದರೆ ಉಳುಮೆ ಬಿಟ್ಟು ಪಾಳುಬಿದ್ದ ಗದ್ದೆ. ಹಡ್ಲು ಎಂಬ ಹೆಸರಿರುವಲ್ಲಿ ಯಾರೋ ಒಮ್ಮೆ ಬೆಳೆದು, ಆಮೇಲೆ ಬಿಟ್ಟುಹೋದರೆಂದು ಅರ್ಥ. ಏಕೆ ಬಿಟ್ಟರು? ಜ್ವರವೋ, ಕಂದಾಯವೋ, ಕಾಡುಹಂದಿಯೋ? ನಕ್ಷೆ ಅಷ್ಟನ್ನು ಹೇಳುವುದಿಲ್ಲ. ಪ್ರಶ್ನೆಯನ್ನು ಮಾತ್ರ ಕೈಗಿಡುತ್ತದೆ. ಕೊಡಿಗೆ ಎಂದಿದ್ದರೆ ದತ್ತಿಯಾಗಿ ಬಂದ ಭೂಮಿ. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನದೇ. ಗಿರಿಗೆ ಹೋಗುವ ದಾರಿಯಲ್ಲಿ ಕೈಮರವಿದೆ. ದಾರಿ ಕವಲೊಡೆಯುವಲ್ಲಿ ಕೈಚಾಚಿ ತೋರುವ ಕಂಬ ಕೈಮರ. ಅದೇ ಊರಿನ ಹೆಸರಾಗಿ ನಿಂತಿತು.

ಚರಿತ್ರೆಯ ದೊಡ್ಡ ಸಂಗತಿಗಳೂ ಈ ಗೆರೆಗಳಲ್ಲಿ ಅಡಗಿವೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಪುಟ್ಟ ಊರೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಸಳನ ಕತೆ ಕೇಳದ ಕನ್ನಡಿಗರಿಲ್ಲ. ನಾನು ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಹಾಳೆಯ ಮೇಲೆ ಅಂಗಡಿಯಲ್ಲಿ ಬೆರಳಿಟ್ಟು ಪೂರ್ವಕ್ಕೆ ಬೇಲೂರಿಗೆ, ಅಲ್ಲಿಂದ ಹಳೇಬೀಡಿಗೆ ಎಳೆಯಿರಿ. ಗೆರೆಗಳು ದೂರದೂರ ಸರಿಯುತ್ತ ಹೋಗುತ್ತವೆ. ಕಣಿವೆಗಳು ಅಗಲವಾಗುತ್ತವೆ. ಅಲ್ಲೊಂದು ಇಲ್ಲೊಂದು ಎಂಬಂತೆ ಶುರುವಾದ ಕೆರೆಗಳ ನೀಲಿ ಹಳೇಬೀಡಿನ ಹೊತ್ತಿಗೆ ಹಾಳೆಯನ್ನೆಲ್ಲ ಚುಕ್ಕೆಯಿಟ್ಟಂತೆ ತುಂಬುತ್ತದೆ. ಮಲೆಯ ಸಣ್ಣ ನಾಯಕರ ನಡುವೆ ಮೇಲುಗೈ ಪಡೆದು 'ಮಲೆಪರೊಳ್ಗಂಡ' ಎನಿಸಿಕೊಂಡವರು, ಸೈನ್ಯವನ್ನು ಸಾಕಬಲ್ಲಷ್ಟು ಭತ್ತ ಬೆಳೆಯುವ ನೆಲವನ್ನು ಹುಡುಕುತ್ತ ಇಳಿದು ಬಂದ ದಾರಿಯಿದು. ರಾಜಧಾನಿಯ ಹೆಸರೇ ಒಂದು ಕೆರೆಯ ಹೆಸರಾಯಿತು: ದೋರಸಮುದ್ರ. ನಾಡನ್ನೆಲ್ಲ ಆಳಿದ ಮೇಲೂ ಅವರು ಮಲೆಯ ಆ ಬಿರುದನ್ನು ಬಿಡಲಿಲ್ಲವೆಂಬುದು ಗಮನಾರ್ಹ. ರೈಸರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯ ಶಾಸನಗಳದು. ಅದನ್ನು ಬಲಗಡೆಗೂ ಟೊಪೊಶೀಟುಗಳನ್ನು ಎಡಗಡೆಗೂ ಇಟ್ಟುಕೊಂಡು ಓದುವುದು ನನಗೆ ಈಗ ಅಭ್ಯಾಸವಾಗಿಬಿಟ್ಟಿದೆ. ಶಾಸನ ಸಿಕ್ಕ ಊರುಗಳನ್ನು ಗುರುತುಮಾಡುತ್ತ ಹೋದರೆ ಅವು ಗೆರೆ ವಿರಳವಾದಲ್ಲೇ ಗುಂಪುಗೂಡುವುದು ಕಾಣುತ್ತದೆ.

ಕಳಸದ ಕತೆ ಇದಕ್ಕೆ ವಿರುದ್ಧ ದಿಕ್ಕಿನದು. ಹೊಂಬುಚದ ಸಾಂತರ ವಂಶದ ಒಂದು ಶಾಖೆ ಘಟ್ಟದ ಕೆಳಗಣ ಶಿಶಿಲಕ್ಕೆ ಬಂದು, ಅನಂತರ ಮೇಲಣ ಕಳಸದಲ್ಲಿ ನೆಲೆಸಿ, ಮುಂದೆ ಮತ್ತೆ ಕೆಳಗಿಳಿದು ಕಾರ್ಕಳವನ್ನು ರಾಜಧಾನಿ ಮಾಡಿಕೊಂಡಿತು. ಹದಿಮೂರನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಕಳಸದಿಂದ ಆಳಿದರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಈ ವಂಶದವನೇ. ಶಾಲೆಯ ಭೂಪಟದಲ್ಲಿ ಕಳಸ ಒಂದು ಜಿಲ್ಲೆ, ಕಾರ್ಕಳ ಇನ್ನೊಂದು. ನಡುವೆ ಕುದುರೆಮುಖದ ಗೋಡೆ. ಈ ಗೋಡೆಯ ಎರಡು ಕಡೆಗೂ ಒಂದೇ ಮನೆತನ ಆಳಿದ್ದು ಹೇಗೆ? ಸಮೋನ್ನತಿ ರೇಖೆಗಳನ್ನು ಹತ್ತಿರದಿಂದ ನೋಡಿ. ಗೋಡೆ ಎಲ್ಲೆಲ್ಲಿ ತಗ್ಗಿದೆಯೋ ಅಲ್ಲೆಲ್ಲ ತುಂಡುಗೆರೆಗಳ ಕಾಲುದಾರಿಗಳು ಘಟ್ಟವನ್ನು ಇಳಿಯುತ್ತವೆ. ಮೇಲಿನ ಅಕ್ಕಿ, ಮೆಣಸು, ಅಡಕೆ ಕೆಳಕ್ಕೆ; ಕೆಳಗಿನ ಉಪ್ಪು, ಒಣಮೀನು ಮೇಲಕ್ಕೆ. ಆ ದಾರಿಗಳ ಎರಡೂ ತುದಿಗಳನ್ನು ಹಿಡಿದವನಿಗೆ ಸುಂಕ ದೊರೆಯುತ್ತಿತ್ತು. ಅವರ ಪಾಲಿಗೆ ಘಟ್ಟ ಗಡಿಯಾಗಿರಲಿಲ್ಲ, ಬೆನ್ನುಮೂಳೆಯಾಗಿದ್ದಿತು.

ಕಾಫಿಯ ವಿಚಾರ ಬಂದಾಗ ನಕ್ಷೆ ತುಸು ತಬ್ಬಿಬ್ಬಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಮೋಖಾದಿಂದ ಏಳು ಬೀಜಗಳನ್ನು ತಂದು ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಪರಿಚಿತ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯಾನನ್ ಎಂಬ ಯೂರೋಪಿಯನ್ ಗಿರಿಯ ದಕ್ಷಿಣದ ಎತ್ತರದಲ್ಲಿ ತೋಟ ಹಾಕಿದ. ಬೆಟ್ಟದ ತಲೆಯ ಬೋಳು ಹುಲ್ಲುನೆಲಕ್ಕೂ ತಗ್ಗಿನ ಗದ್ದೆಗೂ ನಡುವೆ, ಕಾಡು ತಂಪಾಗಿ ನಿಂತಿದ್ದ ಇಳುಕಲನ್ನೇ ತೋಟದವರು ಆರಿಸಿಕೊಂಡರು. 1860ರ ದಶಕದಲ್ಲಿ ಕಾಂಡಕೊರಕ ಬಂದು ತೋಟಗಳನ್ನು ಹಾಳುಗೆಡವಿದಾಗ ನೆರಳಿನ ಬೆಲೆ ಗೊತ್ತಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ಪ್ರಾರಂಭವಾಯಿತು. ಇಂದು ನಮ್ಮ ತೋಟಗಳಲ್ಲಿ ಕೆಳಗೆ ಕಾಫಿ, ನಡುವೆ ಮೆಣಸಿನ ಬಳ್ಳಿ, ಮೇಲೆ ಹಳೆಯ ಕಾಡಿನ ಮರಗಳು. ಇದನ್ನು ಹಳದಿ ಬಣ್ಣದ ಸಾಗುವಳಿಯೆನ್ನಬೇಕೆ, ಹಸಿರು ಬಣ್ಣದ ಕಾಡೆನ್ನಬೇಕೆ? ಮೇಲಿನಿಂದ ಚಿತ್ರ ತೆಗೆಯುವ ಕಣ್ಣಿಗೆ ಎರಡೂ ಒಂದೇ. ತೋಟಗಳ ಹೆಸರುಗಳೇನೋ 'ಎಸ್ಟೇಟ್' ಎಂಬ ಬಾಲದೊಡನೆ ಹಾಳೆಯ ಮೇಲೆ ಠೀವಿಯಿಂದ ಕುಳಿತಿವೆ. ಆ ತೋಟಗಳಲ್ಲಿ ತಲೆತಲಾಂತರದಿಂದ ದುಡಿದವರ ಲೈನುಮನೆಗಳು ಒಂದೆರಡು ಕೆಂಪು ಚೌಕಗಳು, ಅಷ್ಟೆ. ಅವಕ್ಕೆ ಹೆಸರಿಲ್ಲ.

ಹಸಿರಿನ ವಿಷಯದಲ್ಲಿ ಇನ್ನೊಂದು ತೊಡಕು. ಶಾನುಭೋಗರ ಹಳೆಯ ಲೆಕ್ಕದಲ್ಲಿ ನಮ್ಮ ಕಾಡಿಗೆ ಎಷ್ಟೊಂದು ಹೆಸರುಗಳಿದ್ದುವು! ಕಾನು, ಸೊಪ್ಪಿನಬೆಟ್ಟ, ಹುಲ್ಲುಬನ್ನಿ, ಗೋಮಾಳ. ಒಂದೊಂದರಲ್ಲೂ ಊರವರಿಗೆ ಒಂದೊಂದು ಬಗೆಯ ಹಕ್ಕು: ಇಲ್ಲಿ ಸೊಪ್ಪು ಕಡಿಯಬಹುದು, ಅಲ್ಲಿ ದನ ಬಿಡಬಹುದು, ಮತ್ತೊಂದರಲ್ಲಿ ಜೇನು ಮೆಣಸುಗಳನ್ನು ಕೊಯ್ಯಬಹುದು. ನಕ್ಷೆಗೆ ಬಂದಾಗ ಎಲ್ಲವೂ ಒಂದೇ ಹಸಿರು, ಸುತ್ತ ಚುಕ್ಕೆಗೆರೆ, ನಡುವೆ ಆರ್.ಎಫ್. ಎಂಬ ಎರಡಕ್ಷರ. ಇಂದು ಯಾವುದು ಕಂದಾಯ ಭೂಮಿ, ಯಾವುದು ಅರಣ್ಯ ಎಂದು ಮಲೆನಾಡಿನ ಮನೆಮನೆಯಲ್ಲೂ ನಡೆಯುತ್ತಿರುವ ವ್ಯಾಜ್ಯದ ಒಂದು ಬೇರು, ಹಲವು ಮಾತುಗಳು ಒಂದು ಬಣ್ಣದಲ್ಲಿ ಕರಗಿಹೋದುದರಲ್ಲಿದೆಯೆಂದು ನನ್ನ ಅಭಿಪ್ರಾಯ. ನಕ್ಷೆ ಸುಳ್ಳು ಹೇಳಿತೆಂದಲ್ಲ. ಅದಕ್ಕೆ ಶಬ್ದಸಂಪತ್ತು ಸಾಲಲಿಲ್ಲ.

ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಹೋಲಿಸುವುದು ಪಾಠಾಂತರಗಳನ್ನು ಹೋಲಿಸಿದಂತೆ. ಭದ್ರಾ ಅಭಯಾರಣ್ಯದ ಮುತ್ತೋಡಿಯ ಒಳಗಿದ್ದ ಹತ್ತಕ್ಕೂ ಹೆಚ್ಚು ಹಳ್ಳಿಗಳ ಜನ 2002ರ ವೇಳೆಗೆ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಬಂದು ನೆಲೆಸಿದರು. ಹುಲಿಗೆ ನೆಲೆ ದೊರೆಯಿತು, ಹಲವರಿಗೆ ರಸ್ತೆ, ಶಾಲೆ, ಆಸ್ಪತ್ರೆ ಹತ್ತಿರವಾದುವು. ಹಳೆಯ ಹಾಳೆಯಲ್ಲಿ ಮಾತ್ರ ಅವರ ಮನೆಗಳ ಚೌಕಗಳೂ ಗದ್ದೆಗಳ ಹಳದಿಯೂ ಹಾಗೆಯೇ ಉಳಿದಿವೆ. ಕುದುರೆಮುಖದ ಕಡೆಯ ಕತೆ ಬೇರೆ. ಅಲ್ಲಿ ಕಬ್ಬಿಣದ ಅದಿರಿರುವುದನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ಯರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಗುರುತಿಸಿದ್ದರು. 1976ರಲ್ಲಿ ಸಂಸ್ಥೆ ಹುಟ್ಟಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ತೊಳೆದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಒಂದು ಕಾಲದ ಹಾಳೆಯಲ್ಲಿ ಕಣಿವೆಯ ಬುಡದವರೆಗೂ ಇಳಿಯುತ್ತಿದ್ದ ಕಂದು ಗೆರೆಗಳು ಅಲ್ಲೀಗ ಹೂಳಿನ ಸಮತಟ್ಟಿನ ಕೆಳಗಿವೆ. ಗುಡ್ಡಗಳ ಎತ್ತರ ಶಾಶ್ವತವೆಂದು ಕವಿಗಳು ತಿಳಿದಿರುತ್ತಾರೆ. ಮೋಜಣಿದಾರರಿಗೆ ಆ ಭ್ರಮೆಯಿಲ್ಲ.

2019ರ ಆಗಸ್ಟಿನ ಮಳೆಯನ್ನು ಮೂಡಿಗೆರೆಯ ಕಡೆಯವರು ಮರೆಯುವಂತಿಲ್ಲ. ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡಗಳೇ ಜಾರಿ ಬಂದುವು. ತೋಟಗಳೂ ಗದ್ದೆಗಳೂ ಮಣ್ಣಿನಡಿಯಾದುವು, ಚಾರ್ಮಾಡಿ ಘಾಟಿಯ ಸಂಚಾರ ಬಹುದಿನ ನಿಂತಿತು. ಆ ವರ್ಷ ಮಳೆ ಬಿಟ್ಟ ಮೇಲೆ ನಾನು ಹಾಳೆಯನ್ನು ಬಿಡಿಸಿ ನೋಡಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಯ ಬುಡಕ್ಕೆ ಆರೇಳು ನೂರು ಮೀಟರುಗಳ ಇಳಿತ, ಎಂದರೆ ಮೂವತ್ತಕ್ಕೂ ಹೆಚ್ಚು ಗೆರೆಗಳು, ಕೆಲವೆಡೆ ಒಂದರ ಮೇಲೊಂದು ಹತ್ತಿಕೊಂಡಂತೆ ಒತ್ತಾಗಿವೆ. ಇನ್ನೊಂದನ್ನೂ ಕಂಡೆ. ನಾನು ನೋಡಿದ ಮಟ್ಟಿಗೆ, ಹಳೆಯ ತೊಟ್ಟಿಮನೆಗಳು ಗದ್ದೆಬಯಲಿಗೆ ತುಸು ಮೇಲೆ, ಗುಡ್ಡದ ಚಾಚಿದ ಮೂಗಿನ ಮೇಲೆ ಇರುತ್ತವೆಯೇ ಹೊರತು ಎರಡು ಏಣುಗಳ ನಡುವಣ ತಗ್ಗಿನ ಬಾಯಲ್ಲಿರುವುದಿಲ್ಲ. ಸಮೋನ್ನತಿ ರೇಖೆ ಎಲ್ಲಿ ಒಳಕ್ಕೆ ಮುರಿದು ಬಾಗುತ್ತದೋ ಅಲ್ಲಿ ನೀರಿನ ದಾರಿ. ಹೊರಕ್ಕೆ ಉಬ್ಬಿದಲ್ಲಿ ಏಣು. ಹಳಬರು ರೇಖೆಯನ್ನರಿಯರು, ನೀರನ್ನು ಅರಿತಿದ್ದರು. ಮಲೆಮನೆಗಳಿಗೆ ಹೊಸ ರಸ್ತೆ ಕೊರೆಯುವವರೂ ಪ್ರವಾಸಿಗರಿಗೆ ವಸತಿಗೃಹ ಕಟ್ಟುವವರೂ ಕೆಲಸಕ್ಕೆ ಮುಂಚೆ ಈ ಹಾಳೆಯನ್ನೊಮ್ಮೆ ಬಿಡಿಸಿದರೆ ಖರ್ಚೇನೂ ಆಗುವುದಿಲ್ಲ.

ನಿಜವಾಗಿಯೂ ಖರ್ಚಿಲ್ಲ. ಒಂದು ಕಾಲದಲ್ಲಿ ಈ ಹಾಳೆಗಳನ್ನು ಪಡೆಯುವುದು ಸುಲಭವಾಗಿರಲಿಲ್ಲ. ಗಡಿ ಮತ್ತು ಕರಾವಳಿಯ ಹಾಳೆಗಳಿಗೆ ನಿರ್ಬಂಧವಿದ್ದಿತು. 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ ಸಾರ್ವಜನಿಕರಿಗೆಂದೇ ಬೇರೆ ಶ್ರೇಣಿಯ ಹಾಳೆಗಳು ಬಂದುವು, 2017ರಲ್ಲಿ ಅವು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವಂತಾದುವು. ಈಗ ಪ್ರತಿಯೊಬ್ಬರ ಅಂಗೈಯಲ್ಲೂ ಮೊಬೈಲಿನ ನಕ್ಷೆಯಿದೆ. ಅದರಲ್ಲಿ ತಂಗುವ ಮನೆಗಳ ಹೆಸರು, ಹೋಟೆಲಿನ ಹೆಸರು, ಜಲಪಾತಕ್ಕೆ ಯಾರೋ ಪ್ರವಾಸಿಗರು ಇಟ್ಟ ಹೊಸ ಹೆಸರು ಎಲ್ಲವೂ ಇದೆ. ಮಕ್ಕಿ, ಹಡ್ಲು, ಕಾನುಗಳು ಅದರಲ್ಲಿ ಟೊಪೊಶೀಟಿಗಿಂತಲೂ ಕಡಿಮೆ.

ಆದ್ದರಿಂದ ಕಳೆದ ಕೆಲವು ಬೇಸಿಗೆಗಳಿಂದ ನಾನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಹಾಳೆಯ ನಕಲನ್ನು ದೊಡ್ಡದು ಮಾಡಿಸಿಕೊಂಡು ಹಳ್ಳಿಗಳ ಹಿರಿಯರ ಮುಂದೆ ಹಾಸುತ್ತೇನೆ. ಅವರು ಹೇಳಿದ ಹೆಸರನ್ನು ಆಯಾ ಜಾಗದಲ್ಲಿ ಕನ್ನಡದಲ್ಲಿಯೇ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ಕಳಸದ ದಾರಿಯ ಒಂದು ಮನೆಯಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಹಾಳೆಯನ್ನು ಬಹುಹೊತ್ತು ನೋಡಿ, "ಎಂಥ ಮೇಷ್ಟ್ರೆ ಇದು, ಗುಡ್ಡ ಎಲ್ಲ ಉಂಟು, ನಮ್ಮ ಗದ್ದೆ ಒಂದೂ ಇಲ್ಲವಲ್ಲ" ಎಂದರು. "ಇಲ್ಲ ಅಜ್ಜಿ, ನೀವು ಹೇಳಿದರೆ ಬರೆಯುತ್ತೇನೆ" ಎಂದೆ. ಅವರು ಕಣ್ಣು ಮುಚ್ಚಿಕೊಂಡು, ಸೊಸೆಯಾಗಿ ಬಂದ ವರ್ಷದಿಂದ ನಾಟಿ ಮಾಡಿದ ಗದ್ದೆಗಳನ್ನು ನೀರು ಇಳಿಯುವ ಕ್ರಮದಲ್ಲಿಯೇ ಹೇಳುತ್ತ ಬಂದರು: ಬಾವಿಗದ್ದೆ, ಉದ್ದಗದ್ದೆ, ಹಲಸಿನಮರದ ಮಕ್ಕಿ, ಕೋಣನಗುಂಡಿ, ಜೋಡುಕಟ್ಟೆ, ಹೊಳೆಕೆರೆಗದ್ದೆ. ನಕ್ಷೆಯಲ್ಲಿ ಹೆಬ್ಬೆರಳಿನಗಲವೂ ಇಲ್ಲದ ಜಾಗಕ್ಕೆ ಹತ್ತೊಂಬತ್ತು ಹೆಸರುಗಳಾದುವು. ಎಂಟರಲ್ಲಿ ಈಗ ಕಾಫಿಯಿದೆ, ಐದು ಹಡ್ಲು ಬಿದ್ದಿವೆ, ಉಳಿದವುಗಳಲ್ಲಿ ಅಡಕೆ. ಭತ್ತ ಬೆಳೆಯುವುದು ಒಂದರಲ್ಲಿ ಮಾತ್ರ. 48 ಓ/8ರ ಮೇಲಿನ ಅರ್ಧ ಹೀಗೆ ತಕ್ಕಮಟ್ಟಿಗೆ ಆಗಿದೆ. ಬಲ್ಲಾಳರಾಯನ ದುರ್ಗದ ಬುಡ, ಜಾವಳಿಯ ಸುತ್ತುಮುತ್ತು ಇನ್ನೂ ಬಾಕಿ. ಅಲ್ಲಿ ಹೆಸರು ಬಲ್ಲವರು ಇಬ್ಬರು ಮೂವರು ಇದ್ದಾರೆಂದು ಕೇಳಿದ್ದೇನೆ, ಈ ಮಳೆ ಬಿಟ್ಟ ಕೂಡಲೆ ಹೋಗಬೇಕು.